ಕೋರ್ಟಿಗೆ ಹೋಗದ ವಕೀಲರು: ಕೆಲಸದ ತಕರಾರಿನಲ್ಲಿ ಕಾನೂನು ನೆರವಿಗೆ ಬರುವುದು ಯಾವಾಗ?

ಹದಿನೈದು ನಿಮಿಷದ ಮೀಟಿಂಗ್ ಎಂದು ಕ್ಯಾಲೆಂಡರಿನಲ್ಲಿ ಬಂದಿರುತ್ತದೆ, ವಿಷಯ ಏನೆಂದು ಇರುವುದಿಲ್ಲ. ಒಳಗೆ ಹೋದರೆ ಮ್ಯಾನೇಜರ್ ಜೊತೆ ಎಚ್‌ಆರ್‌ನವರೂ ಕೂತಿರುತ್ತಾರೆ. "ನೀವಾಗಿಯೇ ರಾಜೀನಾಮೆ ಕೊಟ್ಟುಬಿಡಿ, ಬೇರೆ ಕಡೆ ಕೆಲಸ ಹುಡುಕುವಾಗ ನಿಮಗೇ ಒಳ್ಳೆಯದು. ಇಲ್ಲದಿದ್ದರೆ ನಾವೇ ತೆಗೆಯಬೇಕಾಗುತ್ತದೆ. ಸಂಜೆಯೊಳಗೆ ಹೇಳಿ." 2022ರ ಕೊನೆಯಿಂದ ಈಚೆಗೆ ಅಲೆಅಲೆಯಾಗಿ ನಡೆದ ಲೇಆಫ್‌ಗಳಲ್ಲಿ ಈ ಮಾತು ಹಲವು ಭಾಷೆಗಳಲ್ಲಿ, ಹಲವು ದೇಶಗಳಲ್ಲಿ ಕೇಳಿಬಂದಿದೆ. ಎಷ್ಟೋ ಜನ ಸಹಿ ಹಾಕಿಯೇ ಮನೆಗೆ ಬರುತ್ತಾರೆ. ವಕೀಲರ ನೆನಪಾಗುವುದು ಆಮೇಲೆ, ಕೊನೆಯ ಸಂಬಳ ಬಾರದಿದ್ದಾಗ ಅಥವಾ ರಿಲೀವಿಂಗ್ ಲೆಟರ್ ತಡೆಹಿಡಿದಾಗ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು.

ವಕೀಲರೆಂದರೆ ಕೋರ್ಟು, ಕೋರ್ಟೆಂದರೆ ವರ್ಷಗಟ್ಟಲೆ ಅಲೆದಾಟ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಉದ್ಯೋಗ ಕಾನೂನಿನ ವಕೀಲರ ದಿನಚರಿ ಹಾಗಿರುವುದಿಲ್ಲ. ಅವರ ಬಳಿ ಬರುವ ತಕರಾರುಗಳಲ್ಲಿ ಹೆಚ್ಚಿನವು ತೀರ್ಪಿನವರೆಗೆ ಹೋಗುವುದೇ ಇಲ್ಲ. ಕಾಗದ ಓದುವುದು, ದಿನಾಂಕ ಲೆಕ್ಕ ಹಾಕುವುದು, ಕಕ್ಷಿದಾರರ ಹೆಸರಿನಲ್ಲಿ ಹೋಗುವ ಮೇಲ್ ತಿದ್ದಿಕೊಡುವುದು, ಇದಕ್ಕೆ ಕೇಸು ಹಾಕಬೇಡಿ ಎಂದು ಹೇಳುವುದು: ಅವರ ದಿನದ ಬಹುಭಾಗ ಇದರಲ್ಲೇ ಕಳೆಯುತ್ತದೆ. ಈ ಕೆಲಸಗಳಿಗೆಲ್ಲ ಬೆಲೆ ಇರುವುದು ಸಹಿ ಬೀಳುವ ಮುಂಚೆ. ತಡವಾದಷ್ಟೂ ಅದೇ ವಕೀಲರು, ಅದೇ ಶುಲ್ಕಕ್ಕೆ, ಕಡಿಮೆ ಮಾಡಿಕೊಡಬಲ್ಲರು.

ರಾಜೀನಾಮೆಯೇ ಯಾಕೆ ಬೇಕು?

ತೆಗೆಯುವ ಅಧಿಕಾರ ಕಂಪನಿಗೆ ಇದ್ದೇ ಇದೆಯಲ್ಲ, ಮತ್ತೆ ನಮ್ಮ ಕೈಯಲ್ಲೇ ರಾಜೀನಾಮೆ ಬರೆಸಿಕೊಳ್ಳುವ ಹಟ ಯಾಕೆ? ವಜಾ ಮಾಡಿದರೆ ಕಾನೂನಿನ ಹೊಣೆಗಳು ಬೆನ್ನು ಹತ್ತುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಪ್ಪಂದ ಇದರ ತಿರುಳನ್ನು ಹೇಳಿದೆ. ಕೆಲಸದಿಂದ ತೆಗೆಯಲು ನೌಕರರ ಸಾಮರ್ಥ್ಯಕ್ಕೋ ನಡತೆಗೋ ಸಂಸ್ಥೆಯ ಅಗತ್ಯಕ್ಕೋ ಸಂಬಂಧಿಸಿದ ಸರಿಯಾದ ಕಾರಣ ಇರಬೇಕು. ನಡತೆ ಅಥವಾ ಕೆಲಸದ ಗುಣಮಟ್ಟದ ಆರೋಪವಾದರೆ ಮೊದಲು ಅವರ ಮಾತು ಕೇಳಬೇಕು. ಭಾರತ, ಅಮೆರಿಕ, ಬ್ರಿಟನ್ ಈ ಒಪ್ಪಂದವನ್ನು ಅನುಮೋದಿಸಿಲ್ಲ. ಆದರೂ ಇದೇ ವಿಚಾರ ಬೇರೆಬೇರೆ ರೂಪದಲ್ಲಿ ಅನೇಕ ದೇಶಗಳ ಕಾನೂನಿನೊಳಗೆ ಕೂತಿದೆ. ಭಾರತದಲ್ಲಿ ಕಾನೂನಿನ ವ್ಯಾಖ್ಯೆಗೆ ಒಳಪಡುವ, ಒಂದು ವರ್ಷ ಸತತ ಸೇವೆ ಮುಗಿಸಿದ ಕಾರ್ಮಿಕರನ್ನು ಹೆಚ್ಚುವರಿ ಎಂದು ತೆಗೆದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರವನ್ನೂ ಕೊಡಬೇಕು. ಅದೇ ವ್ಯಕ್ತಿ 'ವೈಯಕ್ತಿಕ ಕಾರಣಗಳಿಂದ' ಎಂದು ಎರಡು ಸಾಲು ಬರೆದುಕೊಟ್ಟರೆ ಇವು ಯಾವುವೂ ಅನ್ವಯಿಸುವುದಿಲ್ಲ. ಆ ಎರಡು ಸಾಲಿನ ಬೆಲೆ ಎಚ್‌ಆರ್ ವಿಭಾಗಕ್ಕೆ ಚೆನ್ನಾಗಿ ಗೊತ್ತು.

ಕಾನೂನು ಬಿಗಿಯಾಗಿರುವ ಕಡೆ ಈ ಒತ್ತಡ ಇನ್ನೂ ಜಾಣತನದ ರೂಪ ತಾಳುತ್ತದೆ. ಸಮಂಜಸ ಕಾರಣವಿಲ್ಲದ ವಜಾ ಜಪಾನಿನಲ್ಲಿ ಅಸಿಂಧು. ಹಾಗಾಗಿ ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಬೇಡವಾದ ನೌಕರರನ್ನು ಕೆಲಸವೇ ಇಲ್ಲದ ವಿಭಾಗಕ್ಕೆ ಹಾಕಿ, ಬೇಸತ್ತು ತಾವಾಗಿಯೇ ಹೋಗಲೆಂದು ಕಾಯುತ್ತವೆ ಎಂಬ ಕುಖ್ಯಾತಿ ಪಡೆದವು. ಬೇರೆಡೆ ಇದೇ ಆಟಕ್ಕೆ 'ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್', ಅಂದರೆ ಗುರಿಗಳನ್ನು ಕೊಟ್ಟು ಕೆಲಸ ಸುಧಾರಿಸಿಕೊಳ್ಳಿ ಎನ್ನುವ ಯೋಜನೆ, ಎಂಬ ಸಭ್ಯ ವೇಷವಿದೆ. ಆ ಯೋಜನೆ ನಿಜಕ್ಕೂ ಸುಧಾರಣೆಗಾಗಿಯೇ ಇರಬಹುದು. ಆದರೆ ಗುರಿಗಳು ಅಳೆಯಲಾಗದಂತಿದ್ದರೆ, ಅಥವಾ ಹಿಂದಿನ ತಿಂಗಳವರೆಗೂ ಮೆಚ್ಚುಗೆ ಪಡೆದವರಿಗೆ ತಟ್ಟನೆ ಬಂದಿದ್ದರೆ, ವಕೀಲರು ಅದನ್ನು ಮುಂದಿನ ವಜಾಕ್ಕೆ ಸಿದ್ಧವಾಗುತ್ತಿರುವ ಕಡತ ಎಂದು ಓದುತ್ತಾರೆ. ಪ್ರತಿ ಹಂತದಲ್ಲೂ ಲಿಖಿತ ಉತ್ತರ ಹೋಗುವಂತೆ ನೋಡಿಕೊಳ್ಳುತ್ತಾರೆ.

ಬಲವಂತದ ರಾಜೀನಾಮೆಯನ್ನು ವಜಾ ಎಂದೇ ಪರಿಗಣಿಸುವ ದಾರಿ ಬ್ರಿಟನ್, ಕೆನಡಾ, ಅಮೆರಿಕಗಳಲ್ಲಿ ಇದೆ. ಮಾಲೀಕರು ಒಪ್ಪಂದದ ಮೂಲಕ್ಕೇ ಕೊಡಲಿ ಹಾಕಿದ್ದರು, ಇಲ್ಲವೇ ಅಲ್ಲಿ ಇರಲಾಗದಂಥ ಸ್ಥಿತಿ ತಂದಿದ್ದರು ಎಂದು ತೋರಿಸಬೇಕು. ತೋರಿಸುವ ಭಾರ ಬಿಟ್ಟುಬಂದವರ ಮೇಲೆ. ಇದು ಕಷ್ಟದ ದಾರಿ. ಆದ್ದರಿಂದಲೇ 'ಇನ್ನೂ ರಾಜೀನಾಮೆ ಕೊಡಬೇಡಿ, ಯೋಚಿಸಲು ಸಮಯ ಬೇಕೆಂದು ಮೇಲ್ ಹಾಕಿ' ಎಂಬುದು ಅನುಭವಿ ವಕೀಲರ ಮೊದಲ ಸಲಹೆಯಾಗಿರುತ್ತದೆ. ಆ ಮೇಲ್ ಒಂದೇ ಎರಡು ಕೆಲಸ ಮಾಡುತ್ತದೆ: ಸಂಜೆಯ ಗಡುವು ಸಡಿಲವಾಗುತ್ತದೆ, ರಾಜೀನಾಮೆಯ ಮಾತು ಮೊದಲು ಯಾರ ಬಾಯಿಂದ ಬಂತು ಎಂಬುದು ದಾಖಲಾಗುತ್ತದೆ.

ಕೊಟ್ಟಾಗಿದ್ದರೆ? ಎಲ್ಲ ಬಾಗಿಲೂ ಮುಚ್ಚಿರಬೇಕೆಂದಿಲ್ಲ. ಮುಂದಿನ ದಿನಾಂಕದಿಂದ ಜಾರಿಯಾಗುವ ರಾಜೀನಾಮೆಯನ್ನು ಆ ದಿನಾಂಕಕ್ಕೆ ಮುಂಚೆ ಹಿಂಪಡೆಯಬಹುದೇ ಎಂಬ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿನಲ್ಲಿ 1978ರಲ್ಲಿ ತೀರ್ಮಾನವಾಯಿತು. ಆ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟು ವಾಪಸ್ ಪಡೆದವರು ಒಬ್ಬ ಹೈಕೋರ್ಟ್ ನ್ಯಾಯಾಧೀಶರು! ಪಡೆಯಬಹುದು ಎಂದಿತು ನ್ಯಾಯಾಲಯ. ಜರ್ಮನಿಯಲ್ಲಿ ವಜಾ ಆಗಲಿ ರಾಜೀನಾಮೆಯಾಗಲಿ ಕಾಗದದ ಮೇಲೆ ಕೈಬರಹದ ಸಹಿಯೊಂದಿಗೆ ಇರಲೇಬೇಕು. ಬಾಯಿಮಾತಿನಲ್ಲೋ ಇಮೇಲಿನಲ್ಲೋ ಕೊಟ್ಟದ್ದಕ್ಕೆ ಬೆಲೆಯಿಲ್ಲ. ಸಿಟ್ಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಮೇಲ್ ಕಳಿಸಿದವರಿಗೆ ಇಂಥ ನಿಯಮ ದೊಡ್ಡ ವರ. ನಮ್ಮ ಪ್ರಕರಣಕ್ಕೆ ಯಾವ ದೇಶದ, ಯಾವ ಕಾಲದ ನಿಯಮ ಅನ್ವಯಿಸುತ್ತದೆ ಎಂದು ಹೇಳುವುದು ವಕೀಲರ ಕೆಲಸ. ಅಂತರ್ಜಾಲದಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಬೇರೆ ದೇಶದ ಉತ್ತರ.

ಅನ್ಯಾಯಗಳೆಲ್ಲ ಅಕ್ರಮವಲ್ಲ

ಮ್ಯಾನೇಜರ್ ಒರಟ, ಬಡ್ತಿ ಅವರ ಮೆಚ್ಚಿನವರಿಗೆ ಹೋಯಿತು, ರಜೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಇವೆಲ್ಲ ನೋವು ಕೊಡುವ ಸಂಗತಿಗಳೇ. ಆದರೆ ಇವುಗಳಲ್ಲಿ ಎಷ್ಟೋ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲ ಭೇಟಿಯಲ್ಲಿ ವಕೀಲರು ನಮ್ಮ ಕಥೆಯನ್ನು ಅಡ್ಡಡ್ಡ ಕತ್ತರಿಸುತ್ತ ಕೇಳುವ ಪ್ರಶ್ನೆಗಳು ಕಟುವಾಗಿ ಕಾಣುವುದು ಇದೇ ಕಾರಣಕ್ಕೆ. ನಿಮ್ಮಂತೆಯೇ ಕೆಲಸ ಮಾಡುವ, ಆದರೆ ಬೇರೆ ಲಿಂಗದ ಅಥವಾ ಬೇರೆ ಸಮುದಾಯದ ಸಹೋದ್ಯೋಗಿಗೂ ಹೀಗೇ ಆಯಿತೇ? ಇದಕ್ಕೆ ಸ್ವಲ್ಪ ಮುಂಚೆ ನೀವು ಯಾವುದಾದರೂ ದೂರು ಕೊಟ್ಟಿದ್ದಿರಾ, ಹೆರಿಗೆ ರಜೆ ಕೇಳಿದ್ದಿರಾ, ಕಾಯಿಲೆಯ ವಿಷಯ ತಿಳಿಸಿದ್ದಿರಾ? ನೀವು ಸಹಿ ಹಾಕಿದ ಕಾಗದದಲ್ಲಿ ಏನಿದೆ? ಸಾಮಾನ್ಯ ಕಿರಿಕಿರಿಯನ್ನು ತಾರತಮ್ಯದಿಂದ, ಪ್ರತೀಕಾರದಿಂದ, ಒಪ್ಪಂದ ಭಂಗದಿಂದ ಬೇರ್ಪಡಿಸಲು ಈ ಪ್ರಶ್ನೆಗಳು ಬೇಕು.

ಗೆರೆ ಎಲ್ಲಿ ಬೀಳುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬದಲು. ಅಮೆರಿಕದಲ್ಲಿ ಸಾಮಾನ್ಯ ನಿಯಮದಂತೆ ಮಾಲೀಕರು ಯಾವ ಕಾರಣವನ್ನೂ ಕೊಡದೆ ತೆಗೆಯಬಹುದು. ಕಾನೂನು ನಿಷೇಧಿಸಿದ ಕಾರಣ ಮಾತ್ರ ಆಗಿರಬಾರದು. ಐವತ್ತು ರಾಜ್ಯಗಳ ಪೈಕಿ ಮಾಂಟಾನಾ ಒಂದೇ 1987ರ ಕಾಯ್ದೆಯ ಮೂಲಕ, ಪ್ರೊಬೇಷನ್ ಮುಗಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು ಎಂದಿದೆ. ಹಾಗಾಗಿ ಅಲ್ಲಿನ ವಕೀಲರು 'ತೆಗೆದದ್ದು ನ್ಯಾಯವೇ?' ಎಂದು ಕೇಳುವುದಕ್ಕಿಂತ 'ತೆಗೆದ ಹಿಂದಿನ ನಿಜವಾದ ಕಾರಣ ನಿಷೇಧಿತ ಪಟ್ಟಿಯಲ್ಲಿದೆಯೇ?' ಎಂದು ಹುಡುಕುತ್ತಾರೆ. ಬ್ರಿಟನ್ನಿನಲ್ಲಿ ವಜಾದ ಕಾರಣವನ್ನು ತೋರಿಸಬೇಕಾದವರೇ ಮಾಲೀಕರು. ಘಟನೆ ಒಂದೇ ಆದರೂ ಎರಡು ಕಡೆ ಎರಡು ಬೇರೆ ಪ್ರಕರಣಗಳಾಗುತ್ತವೆ.

ಪ್ರತೀಕಾರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನರಿಗೆ ತಮ್ಮ ಕೈಯಲ್ಲಿರುವ ಬಲವಾದ ಪ್ರಕರಣ ಕಾಣದೆ ಹೋಗುವುದು ಇಲ್ಲೇ. ಮೂಲ ದೂರು ಸಾಬೀತಾಗದಿದ್ದರೂ, ಪ್ರಾಮಾಣಿಕವಾಗಿ ದೂರು ಕೊಟ್ಟದ್ದಕ್ಕೆ ಶಿಕ್ಷಿಸಿದರೆ ಆ ಶಿಕ್ಷೆಯೇ ಪ್ರತ್ಯೇಕ ತಪ್ಪು ಎಂದು ಅನೇಕ ದೇಶಗಳ ಕಾನೂನು ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ, ರೈಲ್ವೆ ಕಂಪನಿಯೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಮಹಿಳೆ ಕಿರುಕುಳದ ದೂರು ಕೊಟ್ಟ ಮೇಲೆ ಅವರನ್ನು ಹಳಿಯ ಮೇಲಿನ ಕಷ್ಟದ ಕೆಲಸಕ್ಕೆ ಹಾಕಿದ್ದರು, 37 ದಿನ ಸಂಬಳವಿಲ್ಲದೆ ಅಮಾನತಿನಲ್ಲಿಟ್ಟಿದ್ದರು. ಕಂಪನಿ ಆಮೇಲೆ ಆ ದಿನಗಳ ಸಂಬಳ ಕೊಟ್ಟಿತ್ತು. ಆದರೂ ನ್ಯಾಯಾಲಯ ಇದನ್ನು ಪ್ರತೀಕಾರವೆಂದೇ ನೋಡಿತು. ಸಾಮಾನ್ಯ ನೌಕರರೊಬ್ಬರು ದೂರು ಕೊಡಲು ಹಿಂಜರಿಯುವಂತೆ ಮಾಡುವ ಯಾವ ಕ್ರಮವೂ ಪ್ರತೀಕಾರವಾಗಬಹುದು ಎಂಬ ಅಳತೆಗೋಲು ಅಲ್ಲಿಂದ ಬಂತು. ಆ ದೇಶದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ವರ್ಷಗಳಿಂದ ಅತಿ ಹೆಚ್ಚು ಬರುತ್ತಿರುವ ಆರೋಪ ಪ್ರತೀಕಾರದ್ದೇ. ಆದ್ದರಿಂದ ವಕೀಲರು ದೂರನ್ನು ಬರೆಯುವ ರೀತಿಗೆ ಅಷ್ಟೊಂದು ಗಮನ ಕೊಡುತ್ತಾರೆ. 'ಇಲ್ಲಿ ವಾತಾವರಣ ಸರಿಯಿಲ್ಲ' ಎಂದು ಬರೆದರೆ ಅದು ಗೊಣಗಾಟ. ಇಂಥ ದಿನ, ಇಂಥವರು, ಇಂಥ ಮಾತಾಡಿದರು, ಇದು ಲಿಂಗದ ಆಧಾರದ ಕಿರುಕುಳ ಎಂದು ಬರೆದರೆ ಅದು ಕಾನೂನು ರಕ್ಷಿಸುವ ದೂರು.

ದಿನಾಂಕದ ಲೆಕ್ಕ

ಉದ್ಯೋಗ ಕಾನೂನಿನಲ್ಲಿ ಕಾಲಮಿತಿಗಳು ಕ್ರೂರವೆನಿಸುವಷ್ಟು ಚಿಕ್ಕವು. ವಜಾವನ್ನು ಪ್ರಶ್ನಿಸಲು ಜರ್ಮನಿಯಲ್ಲಿ ಮೂರು ವಾರ, ಆಸ್ಟ್ರೇಲಿಯಾದಲ್ಲಿ 21 ದಿನ, ದಕ್ಷಿಣ ಆಫ್ರಿಕಾದಲ್ಲಿ 30 ದಿನ, ಫ್ರಾನ್ಸಿನಲ್ಲಿ 12 ತಿಂಗಳು. ಬ್ರಿಟನ್ನಿನಲ್ಲಿ ಬಹಳ ಕಾಲ ಇದ್ದದ್ದು ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಅದನ್ನು ಆರು ತಿಂಗಳಿಗೆ ಏರಿಸುವ ಕಾಯ್ದೆ 2025ರ ಡಿಸೆಂಬರ್‌ನಲ್ಲಿ ಅಂಗೀಕಾರ ಪಡೆದಿದೆ. ಅಮೆರಿಕದಲ್ಲಿ ತಾರತಮ್ಯದ ದೂರಿಗೆ 180 ದಿನ, ಅಂಥ ದೂರು ವಿಚಾರಿಸುವ ಸಂಸ್ಥೆ ರಾಜ್ಯದಲ್ಲೂ ಇದ್ದರೆ 300 ದಿನ. ಭಾರತದಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರನ್ನು 2013ರ ಕಾಯ್ದೆಯಡಿ ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಕೊಡಬೇಕು. ತಡವಾದದ್ದಕ್ಕೆ ಸೂಕ್ತ ಕಾರಣವಿದ್ದರೆ ದೂರು ವಿಚಾರಿಸುವ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು.

ಈ ಗಡಿಯಾರ ಯಾವ ದಿನದಿಂದ ಓಡಲು ಶುರುವಾಗುತ್ತದೆ ಎಂಬುದೇ ಒಂದು ಜಗಳ. ಬಾಯಲ್ಲಿ ಹೇಳಿದ ದಿನವೇ, ಪತ್ರ ಕೈಗೆ ಬಂದ ದಿನವೇ, ನೋಟಿಸ್ ಅವಧಿ ಮುಗಿದ ದಿನವೇ? ಬಲವಂತದ ರಾಜೀನಾಮೆಯ ಪ್ರಕರಣದಲ್ಲಿ ರಾಜೀನಾಮೆ ತಿಳಿಸಿದ ದಿನದಿಂದ ಲೆಕ್ಕ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2016ರಲ್ಲಿ. ಇನ್ನೊಂದು ಅಪಾಯ ಕಂಪನಿಯೊಳಗಿನ ಮೇಲ್ಮನವಿ. ಎಚ್‌ಆರ್ 'ಪರಿಶೀಲಿಸುತ್ತಿದ್ದೇವೆ' ಎನ್ನುತ್ತ ವಾರ ವಾರ ತಳ್ಳುತ್ತದೆ, ಹೊರಗಿನ ಗಡಿಯಾರ ಅದಕ್ಕಾಗಿ ನಿಲ್ಲಬೇಕೆಂದಿಲ್ಲ. ಎಷ್ಟೋ ಒಳ್ಳೆಯ ಪ್ರಕರಣಗಳು ಸಾಯುವುದು ಈ ಸೌಜನ್ಯದ ನಡುವೆಯೇ.

ವಕೀಲರಿಗೆ ಪ್ರವೇಶವಿಲ್ಲದ ಕೋಣೆ

ವಕೀಲರನ್ನು ಇಟ್ಟುಕೊಂಡರೆ ಅವರು ಬಂದು ನಮ್ಮ ಪರವಾಗಿ ಮಾತಾಡುತ್ತಾರೆ ಎಂದು ನಾವು ತಿಳಿಯುತ್ತೇವೆ. ಕೆಲಸದ ತಕರಾರುಗಳಲ್ಲಿ ತುಂಬ ಮುಖ್ಯವಾದ ಕೋಣೆಗಳಿಗೆ ಅವರಿಗೆ ಪ್ರವೇಶವೇ ಇರುವುದಿಲ್ಲ. ಬ್ರಿಟನ್ನಿನಲ್ಲಿ ಶಿಸ್ತು ವಿಚಾರಣೆಗೆ ಜೊತೆಗೊಬ್ಬರನ್ನು ಕರೆದೊಯ್ಯುವ ಹಕ್ಕನ್ನು 1999ರ ಕಾಯ್ದೆ ಕೊಟ್ಟಿದೆ, ಆದರೆ ಅವರು ಕಾರ್ಮಿಕ ಸಂಘದವರು ಅಥವಾ ಸಹೋದ್ಯೋಗಿ ಆಗಿರಬೇಕು. ಭಾರತದಲ್ಲಿ ಲೈಂಗಿಕ ಕಿರುಕುಳದ ದೂರು ಸಮಿತಿಯ ಮುಂದೆ ಯಾವ ಹಂತದಲ್ಲೂ ಯಾವ ಪಕ್ಷವೂ ವಕೀಲರನ್ನು ತರುವಂತಿಲ್ಲ ಎಂದು 2013ರ ನಿಯಮಗಳು ಹೇಳುತ್ತವೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಂತೂ ಕಾರ್ಮಿಕ ನ್ಯಾಯಾಲಯದೊಳಗೇ ವಕೀಲರು ಬರಬೇಕಾದರೆ ಎದುರು ಪಕ್ಷದ ಒಪ್ಪಿಗೆ ಮತ್ತು ನ್ಯಾಯಾಲಯದ ಅನುಮತಿ ಎರಡೂ ಬೇಕು ಎಂದಿತು. ದುಡ್ಡಿದ್ದ ಪಕ್ಷ ದೊಡ್ಡ ವಕೀಲರನ್ನು ತಂದು ಕಾರ್ಮಿಕರನ್ನು ತಾಂತ್ರಿಕ ವಾದಗಳಲ್ಲಿ ಮುಳುಗಿಸಬಾರದೆಂಬ ಆಶಯ ಅದರ ಹಿಂದಿತ್ತು. ಆಶಯ ಸರಿ. ಆದರೆ ಕಂಪನಿಯ ಪರ ಬರುವ ಎಚ್‌ಆರ್ ಅಧಿಕಾರಿ ಕಾನೂನು ಪದವೀಧರರಾಗಿದ್ದು, ಈ ಕಡೆ ಕೂತವರು ಒಬ್ಬಂಟಿಯಾದಾಗ ತಕ್ಕಡಿ ಹೇಗೆ ಸಮವಾಗುತ್ತದೆ ಎಂದು ನನಗಂತೂ ಅರ್ಥವಾಗಿಲ್ಲ.

ಹಾಗಾದರೆ ಹೊರಗೆ ನಿಂತ ವಕೀಲರು ಮಾಡುವುದೇನು? ಶೋಕಾಸ್ ನೋಟಿಸಿಗೆ ಉತ್ತರ ಬರೆಯುತ್ತಾರೆ. ಆ ಉತ್ತರದಲ್ಲಿ ಒಪ್ಪಿಕೊಂಡ ಒಂದು ವಾಕ್ಯ ಮುಂದೆ ಮೇಲ್ಮನವಿಯಲ್ಲೂ ಬೆನ್ನು ಬಿಡುವುದಿಲ್ಲವಾದ್ದರಿಂದ ಪ್ರತಿ ಸಾಲನ್ನೂ ತೂಗುತ್ತಾರೆ. ಆರೋಪಕ್ಕೆ ಆಧಾರವಾದ ದಾಖಲೆಗಳ ಪ್ರತಿ ಕೇಳಿಸುತ್ತಾರೆ, ಯಾವ ಸಾಕ್ಷಿಗೆ ಯಾವ ಪ್ರಶ್ನೆ ಹಾಕಬೇಕೆಂದು ಬರೆದುಕೊಡುತ್ತಾರೆ, ವಿಚಾರಣೆ ಮುಗಿದ ಸಂಜೆಯೇ ನಡೆದದ್ದನ್ನೆಲ್ಲ ನೆನಪಿನಿಂದ ಟಿಪ್ಪಣಿ ಮಾಡಿ ಕಂಪನಿಗೆ ಮೇಲ್ ಕಳಿಸಲು ಹೇಳುತ್ತಾರೆ. ಕಂಪನಿಯ ನಡಾವಳಿಯಲ್ಲಿ ಬೇರೇನೋ ಬರೆದಿದ್ದರೆ ಆ ಮೇಲ್ ಒಂದೇ ಆಧಾರ.

ಇದೇ ಸಂದರ್ಭದಲ್ಲಿ ಒಂದು ಮಾತು: ಎಚ್‌ಆರ್‌ನವರು ಎಷ್ಟೇ ಒಳ್ಳೆಯವರಾಗಿರಲಿ, ಅವರು ಕಂಪನಿಯ ನೌಕರರು. ಕಂಪನಿಯ ಆಂತರಿಕ ವಕೀಲರು 'ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕು' ಎಂದು ಕರೆದರೆ ಅವರ ಕಕ್ಷಿದಾರರು ನೀವಲ್ಲ, ಕಂಪನಿ. ಆ ಮಾತುಕತೆಗೆ ಇರುವ ಗೋಪ್ಯತೆಯ ರಕ್ಷಣೆಯೂ ಕಂಪನಿಗೇ ಸೇರಿದ್ದು ಎಂದು ಅಮೆರಿಕದಲ್ಲಿ 1981ರ ತೀರ್ಪಿನ ನಂತರ ವಕೀಲರು ನೌಕರರಿಗೆ ಮೊದಲೇ ಎಚ್ಚರಿಸುವ ಪದ್ಧತಿ ಬೆಳೆದಿದೆ. ನಾವೇ ಗೊತ್ತುಮಾಡಿಕೊಂಡ ವಕೀಲರ ಬಳಿ ಆಡಿದ ಮಾತಿಗೆ ಮಾತ್ರ ಆ ರಕ್ಷಣೆ ನಮ್ಮದು.

ಪುರಾವೆ ಕೂಡಿಡುವ ಕಲೆ, ಅದರೊಳಗಿನ ಬಲೆ

ಕೆಲಸದ ತಕರಾರುಗಳಲ್ಲಿ ಪುರಾವೆಯೆಲ್ಲ ಎದುರು ಪಕ್ಷದ ಸರ್ವರಿನಲ್ಲಿರುತ್ತದೆ. ವಜಾ ಆದ ನಿಮಿಷಕ್ಕೆ ಲಾಗಿನ್ ಬಂದ್. ಇದನ್ನು ಅರಿತ ಕೆಲವರು ಹೋಗುವ ಮುಂಚೆ ಇಡೀ ಮೇಲ್‌ಬಾಕ್ಸ್ ಅನ್ನು ಸ್ವಂತ ಖಾತೆಗೆ ರವಾನಿಸಿಕೊಳ್ಳುತ್ತಾರೆ. ಅಲ್ಲಿಗೆ ಗೆಲ್ಲುವ ಪ್ರಕರಣವೂ ಕೆಡಬಹುದು. ಗ್ರಾಹಕರ ಮಾಹಿತಿ, ಸೋರ್ಸ್ ಕೋಡ್, ಬೆಲೆಪಟ್ಟಿಗಳು ಅದರಲ್ಲಿದ್ದರೆ ಕಂಪನಿಗೆ ಹೊಸ ಅಸ್ತ್ರ ಸಿಕ್ಕಿತು: ಗೋಪ್ಯತೆಯ ಉಲ್ಲಂಘನೆ. ಮಾಡಿದ ತಪ್ಪಿಗೆ ತೆಗೆದೆವು ಎಂದು ಹೇಳಲು ಅವರಿಗೆ ಹಿಂದೆ ಇರದ ಕಾರಣ ಈಗ ಹುಟ್ಟಿತು. ಏನನ್ನು ಇಟ್ಟುಕೊಳ್ಳಬಹುದು, ಏನನ್ನು ಮುಟ್ಟಬಾರದು ಎಂದು ಮುಂಚಿತವಾಗಿ ಕೇಳಿ ತಿಳಿದರೆ ಈ ಗುಂಡಿ ತಪ್ಪುತ್ತದೆ. ಆಫರ್ ಲೆಟರ್, ಸಂಬಳದ ಚೀಟಿ, ಮೌಲ್ಯಮಾಪನ ವರದಿ, ತನಗೇ ಬಂದ ನೋಟಿಸ್‌ಗಳು ಸಾಮಾನ್ಯವಾಗಿ ನಿರುಪದ್ರವಿ. ಉಳಿದದ್ದಕ್ಕೆ ದಿನಾಂಕ, ಸಮಯ, ಯಾರು ಇದ್ದರು ಎಂದು ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕಾಗುತ್ತದೆ. ಆ ಮೇಲ್‌ಗಳು ಇವೆಯೆಂದು ಗೊತ್ತಿದ್ದರೆ, ಅಳಿಸದೆ ಉಳಿಸಿ ಎಂದು ವಕೀಲರು ಕಂಪನಿಗೆ ಪತ್ರ ಬರೆಯಬಲ್ಲರು, ಮುಂದೆ ನ್ಯಾಯಾಲಯದ ಮೂಲಕ ಕೇಳಬಲ್ಲರು.

ಧ್ವನಿಮುದ್ರಣ ಇನ್ನೂ ಸೂಕ್ಷ್ಮ. ನ್ಯೂಯಾರ್ಕ್ ರಾಜ್ಯದಲ್ಲಿ ಮಾತುಕತೆಯಲ್ಲಿರುವ ಒಬ್ಬರ ಒಪ್ಪಿಗೆ ಇದ್ದರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಗೋಪ್ಯ ಮಾತುಕತೆಗೆ ಎಲ್ಲರ ಒಪ್ಪಿಗೆ ಬೇಕು, ಇಲ್ಲದಿದ್ದರೆ ಅಪರಾಧ. ಮೀಟಿಂಗಿನಲ್ಲಿರುವ ನಾಲ್ವರು ನಾಲ್ಕು ಊರಿನಿಂದ ವಿಡಿಯೊ ಕರೆಗೆ ಬಂದಿದ್ದರೆ ಯಾವ ಊರಿನ ನಿಯಮ ಎಂದು ಮೊಬೈಲ್ ಒತ್ತುವ ಮುಂಚೆ ಯೋಚಿಸಬೇಕು.

ಸಂಧಾನ, ಮತ್ತು ಅದರ ಸಣ್ಣಕ್ಷರ

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಎರಡೂ ಪಕ್ಷಗಳ ವಕೀಲರಿಗೆ ಈ ಗಾದೆ ಗೊತ್ತಿರುವುದರಿಂದಲೇ ಬಹಳಷ್ಟು ಜಗಳಗಳು ರಾಜಿಯಲ್ಲಿ ಮುಗಿಯುತ್ತವೆ. ಜಪಾನಿನ ಕಾರ್ಮಿಕ ನ್ಯಾಯಮಂಡಳಿ 2006ರಲ್ಲಿ ಶುರುವಾದಾಗ ಮೂರು ಬೈಠಕ್‌ಗಳೊಳಗೆ ಮುಗಿಸುವುದೇ ಅದರ ನಿಯಮವಾಗಿತ್ತು, ಮೊದಲು ರಾಜಿಗೆ ಪ್ರಯತ್ನ. ಜರ್ಮನಿಯ ಕಾರ್ಮಿಕ ನ್ಯಾಯಾಲಯಗಳೂ ರಾಜಿ ಬೈಠಕ್‌ನಿಂದಲೇ ಆರಂಭಿಸುತ್ತವೆ. ಅಲ್ಲಿ ಸೇವೆಯ ಪ್ರತಿ ವರ್ಷಕ್ಕೆ ಅರ್ಧ ತಿಂಗಳ ಸಂಬಳ ಎಂಬುದು ಮಾತು ಶುರುಮಾಡುವ ಅಂಕಿ. ಪ್ರಕರಣ ಗಟ್ಟಿಯಿದ್ದರೆ ವಕೀಲರು ಅದನ್ನು ಮೇಲಕ್ಕೆ ಎಳೆಯುತ್ತಾರೆ.

ಹಣದ ಮೊತ್ತದ ಮೇಲೆ ಎಲ್ಲರ ಕಣ್ಣು. ಆದರೆ ನೋಡಬೇಕಾದದ್ದು ಅದರ ಕೆಳಗಿನ ಷರತ್ತುಗಳನ್ನು. ಕಂಪನಿಯ ಬಗ್ಗೆ ಎಂದೂ ಕೆಟ್ಟ ಮಾತಾಡುವಂತಿಲ್ಲ ಎಂದಿದೆಯೇ, ಅದು ಎರಡೂ ಕಡೆಗೆ ಅನ್ವಯಿಸುತ್ತದೆಯೇ? ಮುಂದಿನ ಕಂಪನಿ ವಿಚಾರಿಸಿದರೆ ಇವರು ಏನು ಹೇಳಬೇಕೆಂದು ಬರೆದಿದೆಯೇ? ಕೈಗೆ ಬರಬೇಕಿದ್ದ ಷೇರುಗಳು ಏನಾದವು? ಈ ಹಣಕ್ಕೆ ತೆರಿಗೆ ಯಾರ ಮೇಲೆ? ಈ ಕಾಗದ ಎಷ್ಟು ಗಂಭೀರ ಎಂದು ಕೆಲವು ದೇಶಗಳು ಕಾನೂನಿನಲ್ಲೇ ಗುರುತಿಸಿವೆ. ಬ್ರಿಟನ್ನಿನಲ್ಲಿ ನೌಕರರು ಸ್ವತಂತ್ರ ಸಲಹೆಗಾರರಿಂದ ಸಲಹೆ ಪಡೆಯದ ಹೊರತು ಇಂಥ ಒಪ್ಪಂದ ಅವರ ಶಾಸನಬದ್ಧ ಹಕ್ಕುಗಳನ್ನು ಕಟ್ಟಿಹಾಕಲಾರದು. ಆ ಸಲಹೆಯ ಶುಲ್ಕಕ್ಕೆ ಸಾಮಾನ್ಯವಾಗಿ ಕಂಪನಿಯೇ ಒಂದಿಷ್ಟು ಕೊಡುತ್ತದೆ. ಅಮೆರಿಕದಲ್ಲಿ 40 ವರ್ಷ ದಾಟಿದವರು ವಯಸ್ಸಿನ ತಾರತಮ್ಯದ ಹಕ್ಕು ಬಿಟ್ಟುಕೊಡುವಂತೆ ಮಾಡಬೇಕಾದರೆ ಯೋಚಿಸಲು 21 ದಿನ ಕೊಡಬೇಕು, ಸಾಮೂಹಿಕ ವಜಾ ಆದರೆ 45 ದಿನ. ಸಹಿ ಹಾಕಿದ ಮೇಲೂ 7 ದಿನದೊಳಗೆ ಮನಸ್ಸು ಬದಲಿಸಬಹುದು. 'ಸಂಜೆಯೊಳಗೆ ಹೇಳಿ' ಎನ್ನುವ ಎಚ್‌ಆರ್ ಮಾತನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಬೇಕು.

ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರುವಂತಿಲ್ಲ ಎಂಬ ಷರತ್ತು ಇನ್ನೊಂದು ಗುಮ್ಮ. ಕ್ಯಾಲಿಫೋರ್ನಿಯಾದಲ್ಲಿ ಇದು 1872ರಿಂದಲೇ ಅಸಿಂಧು. ಕಾಕತಾಳೀಯವೆಂದರೆ ಭಾರತದ ಒಪ್ಪಂದ ಕಾಯ್ದೆಯೂ 1872ರದ್ದೇ, ಅದರ 27ನೇ ವಿಧಿಯ ಪ್ರಕಾರ ಕೆಲಸ ಬಿಟ್ಟ ನಂತರದ ಇಂಥ ನಿರ್ಬಂಧ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಜರ್ಮನಿಯಲ್ಲಿ ಗರಿಷ್ಠ ಎರಡು ವರ್ಷ ನಿರ್ಬಂಧಿಸಬಹುದು, ಆದರೆ ಆ ಅವಧಿಯುದ್ದಕ್ಕೂ ಹಿಂದಿನ ಗಳಿಕೆಯ ಅರ್ಧದಷ್ಟಾದರೂ ಕೊಡುತ್ತಿರಬೇಕು. ಹೀಗಿದ್ದೂ ನಿಲ್ಲದ ಷರತ್ತುಗಳನ್ನು ಕಂಪನಿಗಳು ಆಫರ್ ಲೆಟರುಗಳಲ್ಲಿ ಬರೆಯುತ್ತಲೇ ಇವೆ, ಓದಿದವರು ಹೆದರುತ್ತಲೇ ಇದ್ದಾರೆ. ಹಾಗೆಂದು ಎಲ್ಲ ಷರತ್ತೂ ಟೊಳ್ಳು ಎಂದು ತಿಳಿದರೆ ಅದೂ ತಪ್ಪು. ನಿಗದಿತ ಅವಧಿಗೆ ಮುಂಚೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂಬ ಬಾಂಡ್ ಅನ್ನು ಭಾರತದ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಒಂದು ಸರ್ಕಾರಿ ಬ್ಯಾಂಕಿನ ಪ್ರಕರಣದಲ್ಲಿ ಎತ್ತಿಹಿಡಿಯಿತು. ಕೆಲಸ ಬಿಟ್ಟ ಮೇಲಿನ ನಿರ್ಬಂಧ ಬೇರೆ, ಕೆಲಸದ ಅವಧಿಯೊಳಗಿನ ಬದ್ಧತೆ ಬೇರೆ ಎಂಬುದು ಇಲ್ಲಿನ ಸೂಕ್ಷ್ಮ.

ನೀವು ನೌಕರರೇ ಅಲ್ಲ ಎಂದುಬಿಟ್ಟರೆ?

ಇಷ್ಟೆಲ್ಲ ಹಕ್ಕುಗಳಿಗೂ ಬಾಗಿಲಲ್ಲೇ ಒಂದು ಪ್ರಶ್ನೆ ಇದೆ. ಆ್ಯಪ್ ಮೂಲಕ ಕೆಲಸ ಮಾಡುವವರು, ಗುತ್ತಿಗೆಯವರು, 'ಕನ್ಸಲ್ಟೆಂಟ್' ಎಂದು ಬರೆಸಿಕೊಂಡವರು ಈ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರ ಪ್ರಕರಣದಲ್ಲಿ, ಕಾಗದದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಕೆಲಸ ನಿಜವಾಗಿ ಯಾರ ಹಿಡಿತದಲ್ಲಿ ನಡೆಯುತ್ತದೆ ಎಂಬುದನ್ನು ನೋಡಬೇಕು ಎಂದಿತು. ದರ ನಿಗದಿ ಯಾರದು, ಸವಾರಿ ನಿರಾಕರಿಸಿದರೆ ದಂಡನೆ ಯಾರಿಂದ ಎಂಬ ವಿವರಗಳೇ ಅಲ್ಲಿ ತೂಕ ಪಡೆದವು. ಭಾರತದಲ್ಲಿ 29 ಕಾನೂನುಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಗಿಗ್ ಕೆಲಸಗಾರರು ಎಂಬ ವರ್ಗಕ್ಕೆ ಸಾಮಾಜಿಕ ಭದ್ರತೆಯ ಮಟ್ಟಿಗೆ ಅಲ್ಲಿ ಜಾಗ ಸಿಕ್ಕಿದೆ, ಕೆಲಸ ಹೋದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬ ನಿಯಮವಿದೆ. ಮ್ಯಾನೇಜರ್ ಹುದ್ದೆಯವರು ಮಾತ್ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 'ಕಾರ್ಮಿಕ' ವ್ಯಾಖ್ಯೆಯಿಂದ ಹೊರಗೇ ಉಳಿದಿದ್ದಾರೆ. ಅವರಿಗೆ ಆಸರೆ ತಮ್ಮ ಒಪ್ಪಂದಪತ್ರ. ಹುದ್ದೆಯ ಹೆಸರು ದೊಡ್ಡದು ಮಾಡಿಕೊಟ್ಟಾಗ ಖುಷಿಪಡುವವರು ಇದನ್ನೊಮ್ಮೆ ಯೋಚಿಸಬೇಕು. ಹೆಸರಿಗೆ ಮ್ಯಾನೇಜರ್ ಆಗಿದ್ದರೂ ಮಾಡುವ ಕೆಲಸ ಬೇರೆಯೇ ಎಂದು ತೋರಿಸುವುದು ವಕೀಲರಿಗೆ ಸಾಧ್ಯವಿದೆ, ಸುಲಭವಿಲ್ಲ.

ದುಡ್ಡಿನ ಪ್ರಶ್ನೆ

ಕೆಲಸ ಕಳೆದುಕೊಂಡವರ ಬಳಿ ಶುಲ್ಕಕ್ಕೆ ಹಣ ಎಲ್ಲಿಂದ ಬರಬೇಕು? ಈ ಅಡ್ಡಗೋಡೆ ಎಷ್ಟು ದೊಡ್ಡದೆಂದು ಬ್ರಿಟನ್ ಲೆಕ್ಕಸಮೇತ ತೋರಿಸಿಕೊಟ್ಟಿತು. 2013ರ ಜುಲೈನಲ್ಲಿ ಅಲ್ಲಿನ ಸರ್ಕಾರ ಉದ್ಯೋಗ ನ್ಯಾಯಮಂಡಳಿಗೆ ಹೋಗುವವರಿಗೆ 1,200 ಪೌಂಡ್‌ವರೆಗೆ ಶುಲ್ಕ ಹಾಕಿತು. ದೂರುಗಳು ಮೂರನೇ ಎರಡು ಭಾಗದಷ್ಟು ಕುಸಿದವು. ಕೆಲಸದ ಜಾಗಗಳು ಏಕಾಏಕಿ ಅಷ್ಟು ನ್ಯಾಯಯುತವಾದವು ಎಂದು ಯಾರೂ ನಂಬಲಿಲ್ಲ. ಯೂನಿಸನ್ ಎಂಬ ಕಾರ್ಮಿಕ ಸಂಘ ಹೂಡಿದ ದಾವೆಯಲ್ಲಿ 2017ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಶುಲ್ಕವನ್ನು ರದ್ದು ಮಾಡಿತು. ಒಬ್ಬೊಬ್ಬರೇ ಹೊರಲಾರದ ಭಾರವನ್ನು ಸಂಘ ಹೊತ್ತ ಉದಾಹರಣೆ ಇದು. ಸಂಘದ ಸದಸ್ಯರಾಗಿದ್ದರೆ ವಕೀಲರಿಗಿಂತ ಮುಂಚೆ ಅಲ್ಲಿ ಕೇಳುವುದು ವಾಸಿ.

ಗೆದ್ದರೆ ಮಾತ್ರ ಬಂದ ಹಣದಲ್ಲಿ ವಕೀಲರಿಗೆ ಪಾಲು ಎಂಬ ಪದ್ಧತಿ ಅಮೆರಿಕದಲ್ಲಿ ಸಾಮಾನ್ಯ. ಬ್ರಿಟನ್ನಿನಲ್ಲಿ ಉದ್ಯೋಗ ಪ್ರಕರಣಗಳಿಗೆ ಆ ಪಾಲು ಶೇ. 35 ದಾಟುವಂತಿಲ್ಲ. ಭಾರತದಲ್ಲಿ ಬಾರ್ ಕೌನ್ಸಿಲ್ ನಿಯಮಗಳು ಇದನ್ನು ನಿಷೇಧಿಸಿವೆ, ಹಾಗೆ ಹೇಳುವ ವಕೀಲರು ಸಿಕ್ಕರೆ ಎದ್ದು ಬರುವುದು ಒಳ್ಳೆಯದು. ಆದರೆ ಅಲ್ಲಿ ಹೆಚ್ಚು ಜನಕ್ಕೆ ತಿಳಿಯದ ಒಂದು ಸೌಲಭ್ಯವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ವಿಧಿಯಲ್ಲಿ ಉಚಿತ ನೆರವಿಗೆ ಅರ್ಹರ ಪಟ್ಟಿಯಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರ ಜೊತೆಗೆ ಕೈಗಾರಿಕಾ ಕಾರ್ಮಿಕರ ಹೆಸರೂ ಅದರಲ್ಲಿದೆ. ಇನ್ನು ಜರ್ಮನಿಯಲ್ಲಿ ಮೊದಲ ಹಂತದಲ್ಲಿ ಗೆದ್ದರೂ ಸೋತರೂ ಅವರವರ ವಕೀಲರ ಖರ್ಚು ಅವರವರದೇ. ಸೋತರೆ ಕಂಪನಿಯ ವಕೀಲರ ಬಿಲ್ಲನ್ನೂ ಕಟ್ಟಬೇಕೆಂಬ ಭಯ ಹೋಗುತ್ತದೆ, ಸಣ್ಣ ಮೊತ್ತಕ್ಕಾಗಿ ಹೋರಾಡಿದರೆ ಗೆದ್ದದ್ದೆಲ್ಲ ಶುಲ್ಕಕ್ಕೇ ಹೋಗುವ ಸಂಭವವೂ ಇರುತ್ತದೆ. ಈ ಲೆಕ್ಕವನ್ನು ಮೊದಲ ದಿನವೇ ಬಿಡಿಸಿ ಹೇಳುವ ವಕೀಲರನ್ನು ನಂಬಬಹುದು.

ಖರ್ಚು ಉಳಿಸಲು ಈಗ ಜನ ಚಾಟ್‌ಬಾಟ್‌ಗಳನ್ನು ಕೇಳುತ್ತಿದ್ದಾರೆ. ತಮ್ಮ ಕಥೆಯನ್ನು ದಿನಾಂಕದ ಪ್ರಕಾರ ಜೋಡಿಸಿಕೊಳ್ಳಲು, ಭೇಟಿಗೆ ಪ್ರಶ್ನೆಗಳನ್ನು ಸಿದ್ಧಮಾಡಿಕೊಳ್ಳಲು ಅದು ಉಪಯೋಗಕ್ಕೆ ಬಂದೀತು. ಕಾನೂನಿನ ವಿಷಯಕ್ಕೆ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ವಕೀಲರದೇ ಉದಾಹರಣೆ ಇದೆ: 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಚಾಟ್‌ಜಿಪಿಟಿ ಹೆಣೆದ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ವಕೀಲರನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅನುಭವದ್ದಲ್ಲ, ಅವರು ಸಾಮಾನ್ಯವಾಗಿ ಯಾವ ಕಡೆ ನಿಲ್ಲುತ್ತಾರೆ ಎಂಬುದು. ಈ ಕ್ಷೇತ್ರದಲ್ಲಿ ಕಂಪನಿಗಳ ಪರವಾಗಿಯೇ ಕೆಲಸ ಮಾಡುವ ದೊಡ್ಡ ಕಚೇರಿಗಳಿವೆ, ನಿಮ್ಮ ಕಂಪನಿ ಅವರ ಹಳೆಯ ಕಕ್ಷಿದಾರ ಆಗಿರಬಹುದು. ಆದ್ದರಿಂದ ಕಥೆ ಹೇಳುವ ಮುಂಚೆ ಕಂಪನಿಯ ಹೆಸರು ಹೇಳಿ, ಹಿತಾಸಕ್ತಿಯ ತೊಡಕು ಇದೆಯೇ ಎಂದು ಕೇಳಬೇಕು. ಆಮೇಲೆ ಆಫರ್ ಲೆಟರ್, ಕೊನೆಯ ಮೌಲ್ಯಮಾಪನ, ಬಂದ ನೋಟಿಸ್, ಒಂದು ಪುಟದ ದಿನಾಂಕಪಟ್ಟಿ, ಇಷ್ಟನ್ನು ಮೇಜಿನ ಮೇಲಿಟ್ಟರೆ ಒಂದು ಗಂಟೆಯ ಸಲಹೆಯಲ್ಲಿ ಸಾಕಷ್ಟು ಕೆಲಸ ಆಗುತ್ತದೆ. ಕಂಪನಿಗೆ ಬರೆಯಬೇಕಾದ ಮೊದಲ ಮೇಲ್‌ನ ಕರಡನ್ನು ಆ ಗಂಟೆಯೊಳಗೇ ಬರೆಸಿಕೊಳ್ಳಿ, ವಕೀಲರ ಹೆಸರು ಅದರಲ್ಲಿ ಕಾಣಿಸಬೇಕೇ ಬೇಡವೇ ಎಂದೂ ಅಲ್ಲೇ ಕೇಳಿ. ಎಷ್ಟೋ ಸಲ ಬೇಡ ಎನ್ನುತ್ತಾರೆ: ವಕೀಲರ ಲೆಟರ್‌ಹೆಡ್ ಕಂಡ ತಕ್ಷಣ ಕಂಪನಿಯೂ ತನ್ನ ವಕೀಲರನ್ನು ಕರೆಯುತ್ತದೆ, ಮ್ಯಾನೇಜರ್ ಜೊತೆ ನೇರ ಮಾತಿಗೆ ಉಳಿದಿದ್ದ ಅವಕಾಶ ಅಲ್ಲಿಗೆ ಮುಗಿಯುತ್ತದೆ.